ಬೂಷ್ಟು ಹಿಡಿಯದ ಮೊಳಕೆ

ಮೊಳಕೆ ಅಕ್ಕ ಹುಟ್ಟಾ ಪುಕ್ಕಲಿ ಎಂದು ಈಗ ಹೇಳಿಕೊಂಡು ತಿರುಗುವವರ ಬಾಯಿಗೆ ಮಣ್ಣು ಹಾಕಬೇಕು. ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಹಾವು ಕಂಡರೆ ಗಂಡಸರೆಲ್ಲ ಟ್ರ್ಯಾಕ್ಟರ್ ಹತ್ತಿ ಕೂರುತ್ತಿದ್ದಾಗ, ಕೋಲು ಹಿಡಿದು ಅದನ್ನು ಬದುವಿನಾಚೆ ದಾಟಿಸುತ್ತಿದ್ದವಳು ಅವಳು. ಕುಲಪತಿಗಳು ಪ್ರಯೋಗಾಲಯ ನೋಡಲು ಬಂದು ಒದ್ದೆ ಕಾಗದದ ಮೇಲಿನ ಮೊಳಕೆ ಮುಟ್ಟಹೋದಾಗ, "ಸಾರ್, ಕೈ ತೊಳ್ಕೊಂಡು ಮುಟ್ಟಿ" ಎಂದವಳೂ ಅವಳೇ. ಭಯ ಅವಳ ಬಳಿಗೆ ಬಂದದ್ದು ತಡವಾಗಿ, ತಲೆಕೂದಲು ಅರ್ಧ ಬೆಳ್ಳಗಾದ ಮೇಲೆ. ಬಂದದ್ದು ಮಾತ್ರ ಹೋಗುವ ಹೆಸರೆತ್ತದ ನೆಂಟನ ಹಾಗೆ ಮನೆಯಲ್ಲೇ ಬೀಡುಬಿಟ್ಟಿತು.

ಅವಳು ಹುಟ್ಟಿದ್ದೇ ಕ್ಯಾಂಪಸ್ಸಿನೊಳಗೆ, ಕೆಲಸಗಾರರ ಸಾಲುಮನೆಯಲ್ಲಿ. ಆಗ ವಿಶ್ವವಿದ್ಯಾಲಯ ಎನ್ನುವ ದೊಡ್ಡ ಹೆಸರೇ ಇರಲಿಲ್ಲ. ಕಲ್ಲು ತುಂಬಿದ ಬಯಲು, ಒಂದು ತಗಡಿನ ಕಟ್ಟಡ, ನಾಲ್ಕಾರು ಜೋಡಿ ಎತ್ತು. ಆಮೇಲೆ ಕಾಲೇಜಾಯಿತು, ಹಾಸ್ಟೆಲ್ ಎದ್ದವು, ಗಡಿಯಾರದ ಗೋಪುರ ಬಂತು, ಡಾಂಬರು ರಸ್ತೆಯ ಎರಡೂ ಬದಿಗೆ ಮರ ನೆಟ್ಟರು. ಆ ಮರಗಳಿಗೆ ಕೊಡದಲ್ಲಿ ನೀರು ಹೊತ್ತವರಲ್ಲಿ ಅವಳ ತಾಯಿಯೂ ಒಬ್ಬಳು. ಅಪ್ಪ ಔಷಧಿ ಹೊಡೆಯುವವನು. ಸಂಜೆ ಅವನು ಮನೆಗೆ ಬಂದರೆ ತಾಯಿ ಹೊಸ್ತಿಲಲ್ಲೇ ತಡೆದು, "ಮೊದ್ಲು ಸ್ನಾನ, ಆಮೇಲೆ ಮಕ್ಕಳು" ಎನ್ನುತ್ತಿದ್ದಳು. ಅಪ್ಪನನ್ನು ಮುಟ್ಟಲು ಕಾಯಬೇಕು ಎಂಬುದು ಅವಳಿಗೆ ಕೂಸಿದ್ದಾಗಲೇ ಗೊತ್ತಿತ್ತು.

ಆ ಕಾಲದಲ್ಲೇ ಪಕ್ಕದ ಸಾಲಿನ ಮನೆಯೊಂದರಲ್ಲಿ, ಬಿತ್ತನೆಗೆಂದು ಔಷಧಿ ಸವರಿಟ್ಟ ಕಾಳನ್ನು ಗೊತ್ತಿಲ್ಲದೆ ಬೇಯಿಸಿ ತಿಂದು ಎರಡು ಮಕ್ಕಳು ಹೋದವು. ಅಂದಿನಿಂದ ಔಷಧಿ ಹಾಕಿದ ಬೀಜಕ್ಕೆಲ್ಲ ಗಾಢ ಗುಲಾಬಿ ಬಣ್ಣ ಬೆರೆಸುವುದು ಅಲ್ಲಿನ ಕಟ್ಟಳೆಯಾಯಿತು. ಕುರುಡನಿಗೂ ಕಾಣಬೇಕು, ಅಂಥ ಬಣ್ಣ. ಅಕ್ಕ ದೊಡ್ಡವಳಾಗಿ, ಮದುವೆಯಾಗಿ, ಅದೇ ಹಳೆಯ ತಗಡಿನ ಕಟ್ಟಡದಲ್ಲಿ ನಡೆಯುತ್ತಿದ್ದ ಬೀಜ ಪರೀಕ್ಷೆಯ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದ ಮೇಲೆ ಹೊಸಬರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೂ ಅದೇ: "ಬಣ್ಣ ಇದ್ರೆ ಗುಂಡಿಗೆ, ಬಣ್ಣ ಇಲ್ದಿದ್ರೆ ಮನೆಗೆ."

ಗುಂಡಿ ಎಂದರೆ ಕಟ್ಟಡದ ಹಿಂದಿನ ಸಿಮೆಂಟು ಹೊಂಡ. ಬಣ್ಣದ ಬೀಜ ಉಳಿದರೆ ಅಲ್ಲಿಗೆ ಸುರಿದು ಮುಚ್ಚುತ್ತಿದ್ದರು. ಬಣ್ಣವಿಲ್ಲದ ಕಾಳು ಉಳಿದರೆ ಮೂಲೆಯ ಮೇಜಿನ ಮೇಲಿಡುವುದು, ವಾರದ ಕೊನೆಗೆ ಹೆಂಗಸರು ಹಂಚಿಕೊಂಡು ಮನೆಗೆ ಒಯ್ಯುವುದು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಪ್ರೊಫೆಸರುಗಳು ಬಂದರು, ಹೋದರು. ಆ ಮೇಜು ಮಾತ್ರ ಹಾಗೆಯೇ ನಡೆದುಕೊಂಡು ಬಂತು.

ಅವಳ ಕೆಲಸ ಕೇಳಲು ಸುಲಭ. ಕಾಳುಗಳನ್ನು ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಹಾಸಿಗೆ ಸುತ್ತಿದ ಹಾಗೆ ಸುತ್ತಿ, ಬೆಚ್ಚಗಿನ ಕಪಾಟಿನಲ್ಲಿ ನಿಲ್ಲಿಸಬೇಕು. ವಾರ ಕಳೆದ ಮೇಲೆ ಬಿಚ್ಚಿ, ಎಷ್ಟು ಮೊಳೆತವು, ಎಷ್ಟು ಸೊರಗಿದವು, ಎಷ್ಟು ಕೊಳೆತವು ಎಂದು ಎಣಿಸಬೇಕು. ಹೀಗೆ ಎಣಿಸಿ ಎಣಿಸಿಯೇ ಅವಳಿಗೆ ಮೊಳಕೆ ಅಕ್ಕ ಎಂಬ ಹೆಸರು ಬಿದ್ದದ್ದು. ಅವಳ ಗಂಡ ಟ್ರ್ಯಾಕ್ಟರ್ ಓಡಿಸಿ ನಿವೃತ್ತನಾದವನು, ತಮಾಷೆಗೆ ಕಡಿಮೆಯಿಲ್ಲದ ಮನುಷ್ಯ. "ನನ್ನ ತಲೇಲೂ ಏನಾದ್ರೂ ಮೊಳೆಯುತ್ತಾ, ನೋಡೇ" ಎಂದು ಬೋಳುತಲೆ ಬಗ್ಗಿಸುತ್ತಿದ್ದ.

ಆ ವರ್ಷ ಮಗನಿಗೆ ಗಂಡು ಮಗುವಾಗಿತ್ತು. ಮಗ ಬೇರೆ ಊರಿನ ಸಂಶೋಧನಾ ಹೊಲದಲ್ಲಿ ಕೆಲಸಕ್ಕಿದ್ದ, ಸೊಸೆ ಮಗುವಿನೊಂದಿಗೆ ಅತ್ತೆಯ ಮನೆಯಲ್ಲಿ. ಮಗುವಿಗೆ ಗುಂಡ ಎಂದು ಕರೆಯುತ್ತಿದ್ದರು; ಆದರೆ ಅವನು ತೆಳ್ಳಗೆ, ಎತ್ತಿಕೊಂಡರೆ ಹಗುರ. ಇನ್ನು ಹಾಲೊಂದೇ ಸಾಲದು, ಗಂಜಿ ಶುರು ಮಾಡಿ ಎಂದು ಡಾಕ್ಟರು ಹೇಳಿದರು. ಅಜ್ಜಿಗೆ ಅಷ್ಟು ಸಾಕು. ಆ ವಾರ ಮೂಲೆಯ ಮೇಜಿನ ಮೇಲೆ ಒಂದು ಬಟ್ಟೆಚೀಲದಲ್ಲಿ ದಪ್ಪ ದಪ್ಪ ಗೋಧಿ ಇತ್ತು, ಬಣ್ಣದ ಸುಳಿವಿಲ್ಲ. "ಇದು ನನ್ನ ಮೊಮ್ಮಗನಿಗೆ, ಯಾರೂ ಕಣ್ಣು ಹಾಕ್ಬೇಡಿ" ಎಂದು ಇಡೀ ಚೀಲ ತಾನೇ ಒಯ್ದಳು. ತೊಳೆದಳು, ನೆನೆಸಿದಳು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಳು. ಎಂಥ ಮೊಳಕೆ! ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ, ಎಲ್ಲವೂ ಒಂದೇ ಎತ್ತರ, ಒಂದು ಎಳೆ ಬೂಷ್ಟಿಲ್ಲ. ಗಂಡನನ್ನು ಕರೆದು ತೋರಿಸಿ ಬೀಗಿದಳು. ಒಣಗಿಸಿ, ಹುರಿದು, ಗಿರಣಿಗೆ ಹಾಕಿಸಿ ಹಿಟ್ಟು ಮಾಡಿ ಡಬ್ಬಿಗೆ ತುಂಬಿದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಸೊಸೆಗೆ ಹೇಳಿದಳು: "ಮಧ್ಯಾಹ್ನ ಮಗು ಎದ್ದ ಮೇಲೆ ತೆಳ್ಳಗೆ ಕಾಯಿಸಿ ಎರಡು ಚಮಚ ಕೊಡು. ಜಾಸ್ತಿ ಬೇಡ, ಮೊದಲನೇ ಸಲ."

ಆ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಕನ್ನಡಕದ ಹುಡುಗಿ ಅವಳ ಮೇಜಿನ ಹತ್ತಿರ ಬಂದಳು. ಡಾಕ್ಟರೇಟಿಗೆ ಓದುತ್ತಿದ್ದವಳು, ಮೂರು ಹೊತ್ತೂ ಅವಸರ.

"ಅಕ್ಕಾ, ನಂದೊಂದಿಷ್ಟು ಸುರುಳಿ ಇದೆ, ಬಿಚ್ಚಿ ಎಣಿಸಿಕೊಡ್ತೀರಾ? ನಾನೇ ಸುತ್ತಿಟ್ಟಿದ್ದೆ, ಈಗ ಕ್ಲಾಸಿದೆ."

"ಕೊಡು ತಾಯಿ. ನಿನಗೆ ಕೂತ್ಕೊಳ್ಳೋದು ಯಾರೂ ಕಲಿಸಲಿಲ್ಲ" ಎಂದು ಅಕ್ಕ ಮೊದಲ ಸುರುಳಿ ಬಿಚ್ಚಿದಳು.

ಕಾಗದದ ಮೇಲೆ ಮೊಳಕೆಗಳು ಸಾಲಾಗಿ ನಿಂತಿದ್ದವು. ಬೆಳ್ಳಗೆ, ಒಂದೇ ಎತ್ತರ. ಅವಳು ಎಣಿಸಲು ಶುರು ಮಾಡಿದಳು. ಅರ್ಧ ಸಾಲಿಗೆ ಕೈ ನಿಂತಿತು. ಔಷಧಿ ಹಾಕದ ಗೋಧಿಯನ್ನು ಒದ್ದೆ ಕಾಗದದಲ್ಲಿ ವಾರ ಇಟ್ಟರೆ ಅಂಚಿನಲ್ಲಿ ಎಲ್ಲೋ ಒಂದು ಕಡೆ ಬೂದಿ ಬಣ್ಣದ ನೂಲು ಇದ್ದೇ ಇರುತ್ತದೆ. ಈ ಕಾಗದ ಒಗೆದ ಹಾಗಿತ್ತು. ಎರಡನೆಯದನ್ನು ಬಿಚ್ಚಿದಳು, ಅದೂ ಹಾಗೆಯೇ. ಇಂಥ ಮೊಳಕೆಯನ್ನು ಎಲ್ಲೋ ಈಚೆಗೆ ನೋಡಿದ್ದೆನಲ್ಲ ಎಂದುಕೊಂಡಳು. ಎಲ್ಲಿ ಎಂದು ನೆನಪಾಯಿತು: ತನ್ನ ಮನೆಯ ಬಟ್ಟೆಗಂಟಿನಲ್ಲಿ.

"ಇಲ್ಲಿ ಬಾ" ಎಂದಳು. ಬಾಗಿಲಲ್ಲಿದ್ದ ಹುಡುಗಿ ತಿರುಗಿದಳು. "ಈ ಗೋಧಿಗೆ ಏನಾದ್ರೂ ಹಾಕಿದ್ಯಾ?"

"ಹೂಂ ಅಕ್ಕ. ಬೂಷ್ಟಿಗೂ ಹುಳಕ್ಕೂ ಸೇರಿಸಿ ಹೊಸ ಪುಡಿ. ಬಣ್ಣದಿಂದ ಮೊಳಕೆಗೆ ತೊಂದರೆ ಆಗುತ್ತಾ ಅಂತ ನೋಡ್ಬೇಕಿತ್ತು, ಅದಕ್ಕೆ ಅರ್ಧಕ್ಕೆ ಬಣ್ಣ ಬೆರೆಸಲಿಲ್ಲ." ಹುಡುಗಿ ಏನೋ ನೆನಪಾದವಳಂತೆ ಮೂಲೆಯ ಕಡೆ ನೋಡಿದಳು. "ಕಪಾಟಲ್ಲಿ ಜಾಗ ಇಲ್ಲ ಅಂತ ಉಳಿದಿದ್ದನ್ನ ಆ ಮೇಜಿನ ಮೇಲೆ ಸ್ವಲ್ಪ ಹೊತ್ತಿಗೆ ಅಂತ ಇಟ್ಟು ಮರೆತೇಬಿಟ್ಟೆ. ಬಟ್ಟೆಚೀಲ. ಎಲ್ಲಿ ಹೋಯ್ತು ಅದು?"

ಅಕ್ಕ ಬಾಗಿಲ ಕಡೆ ಹೆಜ್ಜೆಯಿಟ್ಟಾಗಿತ್ತು. "ನನ್ನ ಮಗು" ಎಂದಳು. "ಗಂಜಿ." ಅಷ್ಟೇ ಬಂತು. ಹುಡುಗಿಗೆ ಅಷ್ಟರಲ್ಲೇ ಅರ್ಥವಾಗಿ ಮುಖ ಸುಣ್ಣದಂತಾಯಿತು.

ಗಂಡನಿಗೆ ಫೋನು ಹಚ್ಚಿದರು, ರಿಂಗಾಗಿ ರಿಂಗಾಗಿ ನಿಂತಿತು. ಅವನು ಅದನ್ನು ಎಲ್ಲಿ ಇಟ್ಟಿರುತ್ತಾನೋ ಅವನಿಗೇ ತಿಳಿಯದು. ಮಗು ಮಲಗಿರುವಾಗ ಸೊಸೆ ತನ್ನ ಫೋನಿನ ಬಾಯಿ ಮುಚ್ಚಿಸಿಡುತ್ತಾಳೆ. ಇಬ್ಬರೂ ಓಡಿದರು. ಹುಡುಗಿಯ ಸ್ಕೂಟರಿನ ಹಿಂದೆ ಅಕ್ಕ ಕೂತಳು, ಕಾಲಲ್ಲಿ ಪ್ರಯೋಗಾಲಯದ ರಬ್ಬರ್ ಚಪ್ಪಲಿ.

ಘಟಿಕೋತ್ಸವ ಹತ್ತಿರ ಬಂದಿತ್ತು. ಮುಖ್ಯ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದರು, ರಸ್ತೆಗೆ ಅಡ್ಡಲಾಗಿ ಕಂಬ ನೆಡುತ್ತಿದ್ದರು. ಹಾಸ್ಟೆಲ್ ಹುಡುಗರು ಊಟ ಮುಗಿಸಿ ರಸ್ತೆ ತುಂಬ ಆರಾಮಾಗಿ ಹರಡಿಕೊಂಡು ಬರುತ್ತಿದ್ದರು. ಹುಡುಗಿ ಹಾರ್ನ್ ಹೊಡೆದದ್ದೇ ಹೊಡೆದದ್ದು. "ಅಕ್ಕಾ ನಮಸ್ಕಾರ" ಎಂದು ಯಾರೋ ಕೂಗಿದರು. ಆ ರಸ್ತೆಯಲ್ಲಿ ಅವಳು ನಡೆದು ಬೆಳೆದಿದ್ದಳು, ಅದು ಅಷ್ಟು ಉದ್ದ ಇದೆ ಎಂದು ಅವಳಿಗೆ ಎಂದೂ ಗೊತ್ತಿರಲಿಲ್ಲ. ಮಗು ಎದ್ದಿರಬಾರದು, ಇನ್ನೂ ಎದ್ದಿರಬಾರದು ಎಂದು ಒಂದೇ ಸಮನೆ ಗೊಣಗುತ್ತಿದ್ದಳು. ಹುಡುಗಿ ಅಳುತ್ತಾ ಗಾಡಿ ಓಡಿಸುತ್ತಿದ್ದಳು.

ಮನೆಯ ಬಾಗಿಲು ತೆರೆದಿತ್ತು. ಸೊಸೆ ನೆಲದ ಮೇಲೆ ಕೂತು ಮಗುವಿನ ಅಂಗಿ ಬದಲಿಸುತ್ತಿದ್ದಳು. ಮಗು ಕಾಲು ಬಡಿಯುತ್ತಾ ಅಜ್ಜಿಯನ್ನು ನೋಡಿ ನಕ್ಕಿತು.

"ತಿಂದ್ನಾ? ತಿಂದ್ನಾ ಅವನು?"

"ಎಲ್ಲಿ ಅತ್ತೆ, ಎರಡು ಚಮಚ ಬಾಯಿಗಿಟ್ಟೆ. ಎಲ್ಲಾ ಅಂಗಿ ಮೇಲೆ ಉಗಿದ. ಅದಕ್ಕೇ ಬದಲಾಯಿಸ್ತಾ ಇದೀನಿ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಮಗುವನ್ನು ಬಾಚಿಕೊಂಡು ಬಾಯಿಯೊಳಗೆ ಬೆರಳು ಹಾಕಿ ನೋಡಿದಳು, ಮೂಸಿದಳು. ಒಂದು ಹನಿಯಾದರೂ ಒಳಗೆ ಹೋಗಿದೆಯೋ ಏನೋ, ಯಾರು ಹೇಳಬೇಕು? ಅಷ್ಟರಲ್ಲಿ ಅಡುಗೆಮನೆಯಿಂದ ಗಂಡ ಬಂದ, ಕೈಯಲ್ಲಿ ಖಾಲಿ ಪಾತ್ರೆ, ಮೀಸೆಗೆ ಅಂಟಿದ ಗಂಜಿ.

"ನಿನ್ನ ಮೊಮ್ಮಗನಿಗೆ ರುಚಿ ಗೊತ್ತಿಲ್ಲ ಕಣೇ" ಎಂದ. "ಇಷ್ಟು ಒದ್ದಾಡಿ ಮಾಡಿದ್ದೀಯಾ, ಹಾಳಾಗುತ್ತಲ್ಲ ಅಂತ ಎಲ್ಲಾ ನಾನೇ ಕುಡಿದೆ. ಚೆನ್ನಾಗಿತ್ತು. ಇನ್ನೊಂದು ಪಾತ್ರೆ ಮಾಡಿಸ್ಕೊಂಡೂ ಕುಡಿದೆ."

ಆಮೇಲಿನದು ಅವಳಿಗೆ ಬಿಡಿಬಿಡಿಯಾಗಿ ಮಾತ್ರ ನೆನಪಿದೆ. ಕ್ಯಾಂಪಸ್ಸಿನ ಆಸ್ಪತ್ರೆಯ ಹಸಿರು ಗೋಡೆ. ಎರಡು ಮಂಚ, ಒಂದರಲ್ಲಿ ಗಂಡ ಬಾಯಿಗೆ ಹಾಕಿದ ನಳಿಕೆಗೆ ಓಕರಿಸುತ್ತಾ, ಇನ್ನೊಂದರಲ್ಲಿ ಮಗು ಅಂಗೈಯಷ್ಟು ಅಗಲದ ಎದೆಗೆ ವೈರು ಅಂಟಿಸಿಕೊಂಡು. ಡಾಕ್ಟರು ಯಾವ ಔಷಧಿ, ಎಷ್ಟು ಎಂದು ಕೇಳಿದಾಗ ಕನ್ನಡಕದ ಹುಡುಗಿ ಅಳು ನುಂಗಿಕೊಂಡು ಪುಡಿಯ ಹೆಸರು, ಅಳತೆ ಎಲ್ಲ ಹೇಳಿ, "ನಾನೇ ಬೆರೆಸಿದ್ದು, ನಂದೇ ತಪ್ಪು" ಎಂದಳು. ಸಂಜೆಯ ಹೊತ್ತಿಗೆ ಗಂಡನಿಗೆ ಮೈಯೆಲ್ಲ ಬೆವರು, ಕೈಕಾಲು ಅದುರು. ಅಕ್ಕ ಎರಡು ಮಂಚದ ನಡುವೆ ನಿಂತಿದ್ದಳು. ಗಂಡನ ಕಡೆ ತಿರುಗಿದರೆ ಮಗು ಉಸಿರು ನಿಲ್ಲಿಸೀತು ಎನ್ನಿಸುತ್ತಿತ್ತು, ಮಗುವಿನ ಕಡೆ ತಿರುಗಿದರೆ ಗಂಡ. ಕೂರು ಎಂದರೆ ಕೂರಲಿಲ್ಲ. ತನ್ನ ಕೈಯಾರೆ ತೊಳೆದು, ತನ್ನ ಕೈಯಾರೆ ಕಟ್ಟಿ, ಹೆಮ್ಮೆಯಿಂದ ತೋರಿಸಿದ ಮೊಳಕೆ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ.

ಇಬ್ಬರೂ ಉಳಿದರು. ನೆನೆಸಿದ ನೀರು ಚೆಲ್ಲಿದ್ದರಿಂದ ವಿಷ ಅರ್ಧಕ್ಕರ್ಧ ಹೋಗಿತ್ತು ಎಂದು ಡಾಕ್ಟರು ಹೇಳಿದರು. ಗಂಡ ಮಾತಾಡುವಷ್ಟಾದ ಕೂಡಲೇ, "ನನ್ನ ಹೊಟ್ಟೇಲಿ ಇನ್ನು ಹುಳ, ಬೂಷ್ಟು ಎರಡೂ ಬರಲ್ಲ ಬಿಡು" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಮೂಲೆಯ ಮೇಜನ್ನು ಎತ್ತಿ ಹಾಕಿದರು. ಕನ್ನಡಕದ ಹುಡುಗಿಗೆ ಬೈದರು, ಬುದ್ಧಿ ಹೇಳಿದರು, ಪದವಿಯನ್ನೂ ಕೊಟ್ಟರು. ಅಕ್ಕ ಕೆಲಸ ಬಿಡಲಿಲ್ಲ, ಮೊಳಕೆ ಎಣಿಸುತ್ತಲೇ ಇದ್ದಳು.

ಆದರೆ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಏನೇ ಬೇಯಿಸಲಿ, ಮೊದಲ ತುತ್ತು ಅವಳದು. ಎಲ್ಲರ ತಟ್ಟೆಗೂ ಬಡಿಸಿ, ತಾನು ತಿಂದು, ಸುಮ್ಮನೆ ಕೂರುವಳು. ತನ್ನ ಹೊಟ್ಟೆ, ತನ್ನ ಕೈ, ತನ್ನ ಉಸಿರು ಎಲ್ಲವನ್ನೂ ಒಳಗೊಳಗೇ ವಿಚಾರಿಸಿಕೊಂಡು, ಆಮೇಲೆ "ಹೂಂ, ತಿನ್ನಿ" ಎನ್ನುವಳು. ಮೊದಮೊದಲು ಗಂಡ ಗೇಲಿ ಮಾಡಿದ. ಸೊಸೆ ಮೂತಿ ಉಬ್ಬಿಸಿದಳು, ಮಗ ಊರಿನಿಂದ ಬಂದಾಗ ರೇಗಿದ. ಒಂದು ದಿನ ಗಂಡ ಕಾಯದೆ ತುತ್ತು ಬಾಯಿಗಿಟ್ಟದ್ದಕ್ಕೆ ಅವಳು ತಟ್ಟೆಯನ್ನೇ ತಳ್ಳಿ, ನೆಲಕ್ಕೆ ಕುಸಿದು, ಉಸಿರು ಸಿಗದೆ ಒದ್ದಾಡಿದಳು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಅನ್ನ ಆರಿದರೂ ಕಾದರು. ಗುಂಡ ಬೆಳೆದದ್ದು ಆ ಕಾಯುವಿಕೆಯಲ್ಲೇ.

ಅವನನ್ನು ಕ್ಯಾಂಪಸ್ಸಿನ ಶಿಶುವಿಹಾರಕ್ಕೆ ಸೇರಿಸಿದ ಹೊಸದರಲ್ಲಿ ಒಂದು ಮಧ್ಯಾಹ್ನ ಟೀಚರ್ ಅಕ್ಕನನ್ನು ಕರೆಸಿದಳು. ಟೀಚರ್ ಒಳ್ಳೆಯವಳು, ಮಾತು ಹೇಗೆ ಶುರು ಮಾಡುವುದೆಂದು ತಿಳಿಯದೆ ಸೆರಗು ಸರಿಪಡಿಸಿಕೊಂಡಳು.

"ನಿಮ್ಮ ಹುಡುಗ ಬಂದಾಗಿಂದ ಊಟ ಮುಟ್ಟಿಲ್ಲ ಅಮ್ಮ. ಟೀಚರ್ ನೀವು ಮೊದ್ಲು ತಿನ್ನಿ ಅಂದ. ಸರಿ, ಮಕ್ಕಳಾಟ ಅಂತ ತಿಂದೆ. ಆಮೇಲೂ ತಿನ್ನಲಿಲ್ಲ, ನನ್ನ ಮುಖಾನೇ ನೋಡ್ತಾ ಕೂತ. ಯಾಕಪ್ಪಾ ಅಂತ ಕೇಳಿದೆ." ಟೀಚರ್ ದನಿ ತಗ್ಗಿಸಿದಳು. "ನೀವು ಸಾಯ್ತೀರಾ ಅಂತ ನೋಡ್ತಾ ಇದೀನಿ ಅಂದ. ಈಗ ಬೇರೆ ಮಕ್ಕಳೂ ತಿನ್ನೋಕೆ ಹೆದರ್ತಾ ಇದಾವೆ."

ಅಕ್ಕ ಮೊಮ್ಮಗನ ಕೈ ಹಿಡಿದು ಮನೆಗೆ ಬಂದಳು. ಹುಡುಗನ ಕೈ ತಣ್ಣಗಿತ್ತು. ಅವನಿಗೆ ಹಸಿವು, ಆ ವಯಸ್ಸಿನ ಮಗು ಹಸಿವಾದರೆ ಅಳಬೇಕು, ಇವನು ಅಳುತ್ತಿರಲಿಲ್ಲ. ನನ್ನ ಮನೆಯಲ್ಲಿ ನಾನೇ ಈ ಭಯವನ್ನು ಇವನಿಗೆ ಉಣಿಸಿದೆನಲ್ಲ ಎಂದುಕೊಂಡಾಗ ಅವಳಿಗೆ ಆ ಸ್ಕೂಟರಿನ ದಿನಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಬಿಸಿ ಅನ್ನ ಬಡಿಸಿದಳು, ತುಪ್ಪ ಹಾಕಿದಳು. ಹುಡುಗ ಎಂದಿನಂತೆ ತಟ್ಟೆಯನ್ನು ಅವಳ ಕಡೆ ಸರಿಸಿದ. "ಅಜ್ಜಿ, ನೀನು."

"ಇವತ್ತು ನನಗೆ ಹಸಿವಿಲ್ಲ ಮರಿ. ನೀನೇ ಮೊದ್ಲು ತಿನ್ನು."

ಹುಡುಗ ಅವಳ ಮುಖ ನೋಡಿದ, ತುಂಬ ಹೊತ್ತು ನೋಡಿದ. ಅವಳು ಎರಡೂ ಕೈಗಳನ್ನು ಮಂಡಿಯ ಕೆಳಗೆ ಒತ್ತಿಕೊಂಡು ಕೂತಳು. ಆದರೂ ನಕ್ಕಳು, "ತಣ್ಣಗಾಗುತ್ತೆ" ಎಂದಳು. ಹುಡುಗ ಒಂದು ತುತ್ತು ಬಾಯಿಗಿಟ್ಟ, ಅಗಿದ, ನುಂಗಿದ. ಅವಳು ಕಣ್ಣು ಮಿಟುಕಿಸದೆ ಅವನ ಗಂಟಲನ್ನು ನೋಡಿದಳು. ಅವನು ಎರಡನೆಯ ತುತ್ತಿಗೆ ಕೈ ಹಾಕಿದ, ಮೂರನೆಯದಕ್ಕೆ ಅವಳ ಮುಖ ನೋಡುವುದನ್ನು ಬಿಟ್ಟ, ತಟ್ಟೆ ಖಾಲಿಯಾದ ಮೇಲೆ ಇನ್ನೂ ಬೇಕು ಎಂದ. ಅವಳು ಕೂತಲ್ಲಿಂದಲೇ ಪಾತ್ರೆಯನ್ನು ಎಳೆದುಕೊಂಡು ಬಡಿಸಿದಳು.