ಲಾರಿ ಡ್ರೈವರನ ಕೇಸು ಹೇಳುತ್ತಿದ್ದ ಸರ್

ನಮ್ಮ ಸರ್‌ನ ಕೆಳದುಟಿಯ ಮೇಲೆ ಯಾವಾಗಲೂ ಒಂದು ಬಿಳಿ ಗೆರೆ ಇರುತ್ತಿತ್ತು. ಬೋರ್ಡು ಒರೆಸುವಾಗ ಚಾಕ್‌ಪೀಸನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಅವರಿಗೆ. ಒರೆಸುವುದೂ ಡಸ್ಟರಿನಿಂದಲ್ಲ, ಅಂಗೈಯಿಂದ. ಕುತ್ತಿಗೆ ಹುಟ್ಟಿನಿಂದಲೇ ಬಲಕ್ಕೆ ವಾಲಿತ್ತು. ಹಾಗಾಗಿ ಪಾಠ ಹೇಳುವಾಗಲೂ ಯಾವುದೋ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತವರ ಹಾಗೆ ಕಾಣುತ್ತಿದ್ದರು.

ನಾನು ಅವರ ವಿದ್ಯಾರ್ಥಿನಿಯಾದದ್ದು ಅಮೀರ್‌ಪೇಟೆಯ ಗೋಡೆಗಳ ಮೇಲೆ ಅಂಗೈ ಅಗಲ ಜಾಗವೂ ಉಳಿಯದಂತೆ ಕಂಪ್ಯೂಟರ್ ಕೋರ್ಸುಗಳ ಪೋಸ್ಟರು ಅಂಟಿದ್ದ ಕಾಲದಲ್ಲಿ. ಹಗಲು ಅಂಥದೇ ಒಂದು ಕೋಚಿಂಗ್ ಸೆಂಟರಿನ ಮುಂದಿನ ಮೇಜಿನಲ್ಲಿ ಕೂತು ಹುಡುಗರನ್ನು ಸೇರಿಸಿಕೊಳ್ಳುವ ಕೆಲಸ, ಸಂಜೆ ಲಾ ಕಾಲೇಜು. ಸೆಂಟರಿನ ಮಾಲೀಕ ನನ್ನನ್ನು ಲಾಯರಮ್ಮಾ ಎಂದೇ ಕರೆಯುತ್ತಿದ್ದ. ಕಪ್ಪು ಕೋಟು ತೊಟ್ಟು ಬಿಸಿಲಲ್ಲಿ ಬೇಯುವ ಬದಲು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿ, ಎ.ಸಿ.ಯಲ್ಲಿ ಕೂರುತ್ತೀ ಎಂದು ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದ. ನನ್ನ ಅಪ್ಪ ಯಾದಗಿರಿ ಕಡೆಯಿಂದ ಈ ತೆಲುಗು ಶಹರಕ್ಕೆ ಬಂದು ಸನತ್‌ನಗರದ ಫ್ಯಾಕ್ಟರಿಯೊಂದರಲ್ಲಿ ಎರಕ ಹೊಯ್ಯುತ್ತಿದ್ದವನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ದಾನ ಕೊಟ್ಟದ್ದಲ್ಲ ಅದು.

ಸರ್ ಕಲಿಸುತ್ತಿದ್ದದ್ದು ಯುದ್ಧದ ಕಾನೂನು. ಯುದ್ಧಕ್ಕೂ ಒಂದು ಕಾನೂನು ಇದೆಯೆಂಬುದೇ ನಮಗೆ ಮೊದಲು ನಗೆಪಾಟಲಾಗಿತ್ತು. ಬೇಕಿದ್ದವರು ಮಾತ್ರ ತೆಗೆದುಕೊಳ್ಳುವ ವಿಷಯ ಅದು. ಬುದ್ಧಿವಂತರೆಲ್ಲ ಸೈಬರ್ ಕಾನೂನಿಗೆ ಹೋಗುತ್ತಿದ್ದರು. ನಾನು ಸೇರಿದ್ದು ಆ ಕ್ಲಾಸು ಬೇಗ ಮುಗಿದು ಕೊನೆಯ ಬಸ್ಸಿನ ನೂಕುನುಗ್ಗಲು ತಪ್ಪುತ್ತದೆಂಬ ಒಂದೇ ಕಾರಣಕ್ಕೆ. ಮೊದಲ ದಿನ ಸರ್ ನನ್ನ ತೆಲುಗು ಕೇಳಿದವರೇ ತಲೆಯನ್ನು ಇನ್ನಷ್ಟು ವಾಲಿಸಿ, "ಯಾವೂರಾಕಿ ನೀ?" ಎಂದರು. ಅವರದು ಹುಮನಾಬಾದ್ ಕಡೆ. ಅಂದಿನಿಂದ ತರಗತಿಯಲ್ಲಿ ಇಂಗ್ಲಿಷು, ತೆಲುಗು. ಬಸ್ ಸ್ಟಾಪಿನಲ್ಲಿ ಕನ್ನಡ.

ಪ್ರತಿವರ್ಷ ಕೊನೆಯ ತಿಂಗಳು ಅವರು ಒಂದು ಕೇಸು ಕೊಡುತ್ತಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಕೇಸು. ಒಬ್ಬ ಲಾರಿ ಡ್ರೈವರ್. ಸೈನಿಕನಲ್ಲ, ಗುತ್ತಿಗೆಯ ಮೇಲೆ ಸೈನ್ಯಕ್ಕೆ ರೇಷನ್ ಸಾಗಿಸುವವನು. ಯುದ್ಧ ನಡೆದಾಗ ದಾರಿ ತಪ್ಪಿ ಗಡಿಯ ಆಚೆಯವರ ಕೈಗೆ ಸಿಕ್ಕಿದ. ಸೈನ್ಯದ ಜೊತೆ ಬಂದವನೆಂದು ತೋರಿಸುವ ಗುರುತಿನ ಕಾರ್ಡು ಅವನ ಹತ್ತಿರ ಇಲ್ಲ. ಸೀಟಿನ ಕೆಳಗೆ ಒಂದು ರೈಫಲ್ ಇದೆ, ದಾರಿಯಲ್ಲಿ ಕಳ್ಳರ ಭಯವೆಂದು ಯಾರೋ ಸಿಪಾಯಿ ಕೊಟ್ಟದ್ದು. ಇವನು ಯಾರು? ನಮ್ಮಲ್ಲಿ ಮೂವರನ್ನು ನ್ಯಾಯಮಂಡಳಿಯಾಗಿ ಕೂರಿಸುತ್ತಿದ್ದರು. ಒಬ್ಬನನ್ನು ಡ್ರೈವರನನ್ನಾಗಿ ಮಾಡಿ, ಕೈಯನ್ನು ತಮ್ಮ ಕರವಸ್ತ್ರದಿಂದಲೇ ಹಿಂದಕ್ಕೆ ಕಟ್ಟುತ್ತಿದ್ದರು. ಹುಡುಗ ನಕ್ಕರೆ ಗಂಟು ಇನ್ನೂ ಬಿಗಿಯಾಗುತ್ತಿತ್ತು.

ಎಲ್ಲ ಬ್ಯಾಚಿನವರೂ ಮಾಡುತ್ತಿದ್ದ ತಪ್ಪು ಒಂದೇ. ನಾವೂ ಅದನ್ನೇ ಮಾಡಿದೆವು. ಸಮವಸ್ತ್ರವಿಲ್ಲ, ಕಾರ್ಡಿಲ್ಲ, ಬಂದೂಕಿದೆ. ಆದ್ದರಿಂದ ಯುದ್ಧಕೈದಿಯಲ್ಲ, ಸಾಮಾನ್ಯ ನಾಗರಿಕನೂ ಅಲ್ಲ, ಕಾನೂನುಬಾಹಿರ ಹೋರಾಟಗಾರ ಎಂದು ತೀರ್ಪು ಓದಿ, ಪುಸ್ತಕ ಮುಚ್ಚಿ, ಚಹಾಕ್ಕೆ ಹೊರಟೆವು. ಆಗ ಟೀವಿಯಲ್ಲೆಲ್ಲ ಆ ಪದದ್ದೇ ಮಾತು. ಎಲ್ಲೋ ದೂರದ ದ್ವೀಪವೊಂದರಲ್ಲಿ ಕಿತ್ತಳೆ ಬಣ್ಣದ ಬಟ್ಟೆ ತೊಡಿಸಿ ಮೊಣಕಾಲ ಮೇಲೆ ಕೂರಿಸಿದ್ದವರ ಬಗ್ಗೆ ದೊಡ್ಡ ದೊಡ್ಡವರೇ ಅದನ್ನು ಬಳಸುತ್ತಿದ್ದರು. ನಮಗೂ ಅದೊಂದು ಪಕ್ಕಾ ಉತ್ತರದಂತೆ ಕೇಳಿಸಿತ್ತು.

ಸರ್ ಬಾಗಿಲಿಗೆ ಅಡ್ಡ ನಿಂತರು. ಮುಂದೇನು ಎಂದು ಕೇಳಿದರು. ಇವನನ್ನು ಈಗ ಎಲ್ಲಿಡುತ್ತೀರಿ, ಯಾರಿಗೆ ತಿಳಿಸುತ್ತೀರಿ, ಇವನ ಮನೆಗೆ ಕಾಗದ ಹೋಗುತ್ತದೋ ಇಲ್ಲವೋ? ನಾವು ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದೆವು. ಆಗ ಅವರು ಅಂಗೈಯಿಂದ ಬೋರ್ಡು ಒರೆಸಿ ವಿವರಿಸಿದರು. ಸೈನ್ಯದ ಅನುಮತಿಯಿಂದ ಜೊತೆಗೆ ಬಂದವನಾದರೆ ಅವನೂ ಯುದ್ಧಕೈದಿಯೇ. ಕಾರ್ಡು ಅದಕ್ಕೆ ಪುರಾವೆ ಮಾತ್ರ, ಕಾರ್ಡೇ ಹಕ್ಕಲ್ಲ. ಅನುಮಾನವಿದ್ದರೆ ನ್ಯಾಯಮಂಡಳಿ ಕೂತು ತೀರ್ಮಾನಿಸುವ ತನಕ ಯುದ್ಧಕೈದಿಯೆಂದೇ ನಡೆಸಿಕೊಳ್ಳಬೇಕು. ಅವನು ಬಂದೂಕು ಹಿಡಿದು ಕಾದಾಡಿದ್ದೇ ನಿಜವಾದರೂ ಯುದ್ಧಕಾಲದಲ್ಲಿ ನಾಗರಿಕರನ್ನು ಕಾಯುವ ಒಪ್ಪಂದದ ಅಡಿಯಲ್ಲಿ ವಿಚಾರಣೆ ಮಾಡಿ, ಶಿಕ್ಷೆ ಕೊಡಿ. ಆದರೆ ಅವನನ್ನು ಇಲ್ಲವಾಗಿಸುವಂತಿಲ್ಲ. ಆಮೇಲೆ ನನ್ನ ಮುಖ ನೋಡಿ ಕನ್ನಡದಲ್ಲಿ, "ಈ ಊರಾಗ ಎರಡ ಮನಿ ಅದಾವ. ಈ ಮನ್ಯಾಗ ಇಲ್ಲಂದ್ರ ಆ ಮನ್ಯಾಗ ಇರಬೇಕು. ಬೀದ್ಯಾಗ ಯಾರನ್ನೂ ಬಿಡಂಗಿಲ್ಲ" ಎಂದರು.

ಆ ಡ್ರೈವರ್ ಅವರ ಅಣ್ಣ ಎಂಬುದು ನನಗೆ ತಿಳಿದದ್ದು ಅವರ ಮನೆಗೆ ಹೋಗಿಬರತೊಡಗಿದ ಮೇಲೆ. ಮನೆ ಸನತ್‌ನಗರದಲ್ಲೇ, ನಮ್ಮ ಕಾಲೊನಿಯಿಂದ ಎರಡು ಬೀದಿ ಆಚೆ. ಸರ್ ಮದುವೆಯಾಗಿರಲಿಲ್ಲ. ಮನೆಯಲ್ಲಿ ಇದ್ದವರು ಅವರ ಅತ್ತಿಗೆ. ಸರ್ ವೈನಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸರ್ ಒಳಗೆ ಕಾಲಿಡುತ್ತಲೇ ವೈನಿ ಮಾತಾಡದೆ ತಮ್ಮ ತುಟಿಯ ಮೇಲೆ ಬೆರಳಿಡುತ್ತಿದ್ದರು. ಸರ್ ತೋಳಿನಿಂದ ಚಾಕಿನ ಗೆರೆ ಒರೆಸಿಕೊಂಡು ಕೂರುತ್ತಿದ್ದರು. ಅವರಿಬ್ಬರ ಮಾತುಕತೆ ಹೆಚ್ಚೂಕಡಿಮೆ ಅಷ್ಟೇ.

ಲಾರಿಯ ಸಂಗತಿ ಹೇಳಿದವರು ವೈನಿ. ಜೊತೆಗೆ ಸಿಕ್ಕಿಬಿದ್ದ ಇನ್ನೊಬ್ಬ ಡ್ರೈವರನ ಹತ್ತಿರ ಕಾರ್ಡಿತ್ತು, ಕೈದಿಗಳ ವಿನಿಮಯದಲ್ಲಿ ಅವನು ಮನೆಗೆ ಬಂದ. ಬಂದೂಕು ಸಿಕ್ಕಿತೆಂದು ಇವರ ಗಂಡನನ್ನು ಬೇರೆ ಕರೆದೊಯ್ದರು ಎಂದಷ್ಟೇ ಹೇಳಿದ. ಆಚೆಯವರ ಪಟ್ಟಿಯಲ್ಲಿ ಹೆಸರಿಲ್ಲ. ಈಚೆಯವರು, ಅಂಥವನು ನಮ್ಮ ಸೈನಿಕನಲ್ಲವಲ್ಲ ಎಂದರು. ಆಗ ಸರ್ ಇನ್ನೂ ಕಾಲೇಜು ಓದುತ್ತಿದ್ದವರು. ಅದಕ್ಕಾಗಿಯೇ ಲಾ ಹಿಡಿದರು. ಅರ್ಜಿಗಳ ಮೇಲೆ ಅರ್ಜಿ ಬರೆದು ತಲೆಗೂದಲು ಬೆಳ್ಳಗಾಯಿತು.

ನಾನು ಒಮ್ಮೆ ಬಸ್ ಸ್ಟಾಪಿನಲ್ಲಿ ಆ ಮಾತು ತೆಗೆದೆ. ಸರ್ ತಪ್ಪಿಸಿಕೊಳ್ಳಲಿಲ್ಲ. "ಆ ನ್ಯಾಯಮಂಡಳಿ ಅಲ್ಲಿ ಕೂಡಲಿಲ್ಲ ತಂಗಿ. ಅದಕ್ಕ ನಾ ಇಲ್ಲಿ ವರ್ಷಾ ವರ್ಷಾ ಕೂಡಸ್ತೀನಿ" ಎಂದು ಬಸ್ಸು ಹತ್ತಿದರು.

ವೈನಿಯ ಸ್ಥಿತಿ ನನ್ನ ಕಣ್ಣಿಗೆ ಬಿದ್ದದ್ದು ಕಾಲೊನಿಯ ಒಂದು ಸೀಮಂತದಲ್ಲಿ. ಕರ್ನಾಟಕದಿಂದ ಬಂದ ಮನೆಗಳವರೇ ಸೇರಿದ್ದೆವು. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬಂತು. ವೈನಿಯ ಮುಂದೆ ಬಂದಾಗ ತಟ್ಟೆ ಹಿಡಿದ ಹೆಂಗಸು ನಿಂತಳು. ಕೊಡಬೇಕೋ ಬಿಡಬೇಕೋ ತಿಳಿಯದೆ ತನ್ನ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆ ನೋಡಿದಳು. ವೈನಿ ತಾವೇ ಬೆರಳದ್ದಿ ಹಣೆಗೆ ಹಚ್ಚಿಕೊಂಡು, ತಟ್ಟೆ ಮುಂದೆ ಹೋಗಲಿ ಎಂದು ಕೈಮಾಡಿದರು. ಹೊರಗೆ ಬಂದಾಗ, "ಮದ್ವಿ, ಸೀಮಂತ, ಎಲ್ಲಾ ಕಡೆ ಹಿಂಗ. ನನ್ನ ಮುಂದ ಬಂದ್ರ ಆ ತಟ್ಟಿ ನಿಂದರ್ತೈತಿ ನೋಡು" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಆದರೆ ವೈನಿಗೆ ಕುಂಕುಮ ದೊಡ್ಡದಲ್ಲ. ಅವರನ್ನು ಕೊರೆಯುತ್ತಿದ್ದದ್ದು ಮಹಾಲಯ ಅಮಾವಾಸ್ಯೆ. ಆ ದಿನ ಸರ್ ಅಪ್ಪನಿಗೆ, ಅವ್ವನಿಗೆ, ತಾತನಿಗೆ ಎಳ್ಳುನೀರು ಬಿಟ್ಟು ಎಡೆ ಇಡುತ್ತಿದ್ದರು. ಅಣ್ಣನ ಹೆಸರು ಬರುತ್ತಿರಲಿಲ್ಲ. ಬದುಕಿರಬಹುದಾದ ಕೈದಿಗೆ ಎಳ್ಳುನೀರು ಬಿಟ್ಟರೆ ನಾವೇ ಅವನ ಕಡತ ಮುಚ್ಚಿದ ಹಾಗೆ ಎಂಬುದು ಅವರ ವಾದ. ಕೋರ್ಟಿಗೆ ಹೋದರೆ ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದು ಎಂಬ ಕಾನೂನು ಅವರಿಗೆ ಗೊತ್ತಿಲ್ಲದ್ದೇನಲ್ಲ. ಸತ್ತನೆಂದು ಘೋಷಣೆಯಾದ ಮನುಷ್ಯನನ್ನು ಬಿಡಿ ಎಂದು ಯಾವ ಸರ್ಕಾರವೂ ಕೇಳುವುದಿಲ್ಲ, ಅದಕ್ಕೇ ಆ ದಾವೆ ಹಾಕಿರಲಿಲ್ಲ. ಈ ಮಾತು ನನ್ನೆದುರಿಗೇ ನಡೆಯಿತು. ವೈನಿ ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡು, ತಿರುಗದೆಯೇ ಅಂದರು:

"ಬದುಕಿದ್ರ ಅಲ್ಲಿ ಯಾರರೆ ಒಂದು ತುತ್ತು ಹಾಕ್ಯಾರು. ಸತ್ತಿದ್ರ? ಇಷ್ಟು ವರ್ಷ ಹಸದಾರಲ್ಲ. ಅದನ್ನ ಯಾವ ಕಾನೂನು ನೋಡ್ತೈತಿ?"

ಸರ್ ತುಟಿ ಒರೆಸಿಕೊಂಡರು, ಅಲ್ಲಿ ಏನೂ ಇರಲಿಲ್ಲ.

ನಾನು ವಕೀಲಳಾಗಿ ಸನ್ನದು ಪಡೆದ ವರ್ಷ ವೈನಿ ಒಬ್ಬರೇ ನಮ್ಮ ಮನೆಗೆ ಬಂದರು. ಆ ಘೋಷಣೆಯ ದಾವೆ ನೀನು ಹಾಕು ಎಂದರು. ಸರ್‌ಗೆ ಹೇಳಿದಿರಾ ಎಂದು ಕೇಳಿದೆ. "ಹೇಳೀನಿ. ಮಾತಾಡ್ವಲ್ರು. ನೀ ಆದ್ರ ಹಾಕ್ತಿ, ಬ್ಯಾರೆ ವಕೀಲಂದ್ರ ಅವರಿಗೆ ಸಂಕಟ ಆಗ್ತೈತಿ" ಎಂದರು. ಗುರುವಿನ ವಿರುದ್ಧವೆಂದು ನಾನು ಹಿಂಜರಿಯಲಿಲ್ಲ. ಬೀದಿಯಲ್ಲಿ ಯಾರನ್ನೂ ಬಿಡುವಂತಿಲ್ಲ ಎಂದು ಕಲಿಸಿದವರೇ ಅವರು. ಅವರ ಮನೆಯೊಳಗೇ ಒಬ್ಬರು ಸುಮಂಗಲಿಯೂ ಅಲ್ಲದೆ ವಿಧವೆಯೂ ಅಲ್ಲದೆ ಬೀದಿಯಲ್ಲಿ ನಿಂತಿದ್ದರು. ಮರುದಿನ ಇದೇ ಮಾತನ್ನು ಸರ್‌ಗೆ ನೇರವಾಗಿ ಹೇಳಿದೆ. ನನ್ನನ್ನು ಸಾಕ್ಷಿಗೆ ಕರೆಯಬೇಕಾಗುತ್ತದೆ, ಗೊತ್ತಲ್ಲ, ಎಂದಷ್ಟೇ ಕೇಳಿದರು.

ಗೊತ್ತಿತ್ತು. ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಬರಬೇಕಿತ್ತೋ ಅವರ ಬಾಯಿಂದಲೇ ಕೋರ್ಟು ಕೇಳುತ್ತದೆ. ನನಗೆ ಭಯವಿದ್ದದ್ದು ಬೇರೆಯದಕ್ಕೆ. ಕೆಲವು ವರ್ಷಗಳ ಹಿಂದೆ ಆಚೆಯ ಜೈಲಿನಿಂದ ಬಿಡುಗಡೆಯಾಗಿ ಬಂದ ಒಬ್ಬ, ಅಲ್ಲಿ ದಕ್ಷಿಣದ ಕಡೆಯ ಮುದುಕನೊಬ್ಬನಿದ್ದಾನೆ, ಎಲ್ಲರೂ ಡ್ರೈವರ್ ಎನ್ನುತ್ತಾರೆ ಎಂದು ಸರ್‌ಗೆ ಹೇಳಿದ್ದ. ಆ ಒಂದು ಮಾತಿನ ಮೇಲೆ ಅವರು ಅಷ್ಟು ವರ್ಷ ನಿಂತಿದ್ದರು. ಅದನ್ನು ಸುದ್ದಿ ಎಂದು ಕೋರ್ಟಿನಲ್ಲಿ ಹೇಳಿದರೆ ದಾವೆ ಅಲ್ಲಿಗೇ ಮುರಿದುಬೀಳುವ ಸಂಭವವಿತ್ತು.

ಸಿಟಿ ಸಿವಿಲ್ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ಸರ್ ನಿಂತಾಗ ಅವರ ಕುತ್ತಿಗೆ ಎಂದಿಗಿಂತ ಹೆಚ್ಚು ವಾಲಿತ್ತು. ವೈನಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸರ್ಕಾರದ ಪರ ವಕೀಲರು ಸರ್‌ನ ಹಳೆಯ ಅರ್ಜಿಯಲ್ಲಿದ್ದ ಆ ಬಿಡುಗಡೆಯಾದವನ ವಿಷಯವನ್ನೇ ಎತ್ತಿದರು. ಸರ್ ತೆಲುಗಿನಲ್ಲಿ, ಹೌದು, ಒಬ್ಬ ಹೇಳಿದ್ದಾನೆ, ಅವನು ಹೇಳಿದ್ದು ಯಾವ ಡ್ರೈವರನ ಬಗ್ಗೆಯಾದರೂ ಇರಬಹುದು, ನನ್ನ ವಿದ್ಯಾರ್ಥಿ ಇಂಥದ್ದನ್ನು ಪುರಾವೆಯೆಂದು ತಂದರೆ ನಾನು ಒಪ್ಪುವುದಿಲ್ಲ ಎಂದರು. ಹಾಗಾದರೆ ಏಳು ವರ್ಷಗಳಿಂದ ನಿಮ್ಮ ಅಣ್ಣನ ಸುದ್ದಿ ಇಲ್ಲ ಎನ್ನುತ್ತೀರಾ ಎಂದು ಜಡ್ಜು ಕೇಳಿದರು. ಸರ್ ಉತ್ತರಿಸಲು ಹೋದರು, ತೆಲುಗು ಬರಲಿಲ್ಲ.

"ಸುದ್ದಿ ಇಲ್ರಿ. ಆದರ ಸತ್ತಾನಂತ ನಾ ಅನ್ನಂಗಿಲ್ಲ. ಅದನ್ನ ನೀವು ಹೇಳಬೇಕು."

ಜಡ್ಜು ನನ್ನ ಕಡೆ ನೋಡಿದರು. ನಾನು ತೆಲುಗಿನಲ್ಲಿ ಹೇಳಿದೆ. ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟದ ಎರಡು ವಾಕ್ಯಗಳನ್ನು ಮತ್ತೆಂದೂ ಹೇಳಿಲ್ಲ.

ತೀರ್ಪು ವೈನಿಯ ಪರವಾಗಿ ಬಂತು. ಯಾರೂ ಹೇಳುವ ಮೊದಲೇ ಅವರು ಕುಂಕುಮ ಬಿಟ್ಟರು. ಆ ವರ್ಷದ ಮಹಾಲಯಕ್ಕೆ ಸರ್ ಎಲ್ಲರ ಹೆಸರಾದ ಮೇಲೆ ಅಣ್ಣನ ಹೆಸರನ್ನು ಹೇಳಿದರು. ಹೇಳಿದ್ದು ನಮಗೆ ಕೇಳಿಸಲಿಲ್ಲ, ತುಟಿ ಅಲುಗಿದ್ದಷ್ಟೇ ಕಂಡಿತು. ವೈನಿ ಎಡೆಗೆ ಗಂಡನಿಗೆ ಇಷ್ಟವಾದ ಹೂರಣದ ಹೋಳಿಗೆ ಮಾಡಿ, ಎರಡು ಹೆಚ್ಚಿಗೆ ಇಟ್ಟರು. ನಂತರದ ದಿನಗಳಲ್ಲಿ ಕಾಲೊನಿಯ ಸಮಾರಂಭಗಳಲ್ಲಿ ತಟ್ಟೆ ಅವರನ್ನು ದಾಟಿ ನೇರವಾಗಿ ಹೋಗತೊಡಗಿತು. ಅವರಿಗೆ ಹೊಟ್ಟೆ ತಣ್ಣಗಾಗಿತ್ತೋ ಏನೋ, ನಾನು ಕೇಳಲಿಲ್ಲ.

ಸರ್ ಮಾತ್ರ ಕುಗ್ಗಿದರು. ಮುಂದಿನ ವರ್ಷ ಕ್ಲಾಸಿನಲ್ಲಿ ಲಾರಿ ಡ್ರೈವರನ ಕೇಸು ಬರಲಿಲ್ಲವಂತೆ. ಪಠ್ಯಪುಸ್ತಕದ ಹಿಂದಿನ ಪ್ರಶ್ನೆಗಳನ್ನೇ ಕೊಟ್ಟರಂತೆ. ಹುಡುಗರಿಗೆ ವ್ಯತ್ಯಾಸ ತಿಳಿಯಲಿಲ್ಲ. ಅವರು ನಿವೃತ್ತರಾದ ಮೇಲೆ ಕಾಲೇಜು ಆ ವಿಷಯವನ್ನೇ ಕೈಬಿಟ್ಟಿತು. ಶಂಶಾಬಾದಿನ ವಿಮಾನ ನಿಲ್ದಾಣ ಶುರುವಾದ ಹೊಸತರಲ್ಲಿ ಅವರು ಎದೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ನಾನು ಕೋರ್ಟು ಮುಗಿಸಿ ಕಪ್ಪು ಕೋಟಿನಲ್ಲೇ ಹೋದೆ. ವೈನಿ ಔಷಧಿ ತರಲು ಕೆಳಗೆ ಹೋಗಿದ್ದರು. ಸರ್ ನನ್ನನ್ನು ಹತ್ತಿರ ಕರೆದರು. ದನಿ ತೀರಾ ಸಣ್ಣದಾಗಿತ್ತು.

"ಒಂದು ಕೇಸು ಕೇಳತೀನಿ. ಅಂವಾ ಜೀವಂತ ಇದ್ದು, ನಾಳಿಗೆ ಬಿಟ್ಟರಂತ ತಿಳಿ. ಊರಿಗೆ ಬಂದ. ಇಲ್ಲಿ ಅಂವಾ ಯಾರು?"

ಆ ತೀರ್ಪು ಬರೀ ಕಾನೂನಿನ ಊಹೆ ಸರ್, ನಿಜವಾದ ಮನುಷ್ಯ ಎದುರಿಗೆ ಬಂದರೆ ನಿಲ್ಲುವುದಿಲ್ಲ, ರದ್ದು ಮಾಡಿಸಬಹುದು ಎಂದೆ.

"ಯಾರು ಮಾಡಸ್ತಾರ?"

"ನಾ ಮಾಡಸ್ತೀನಿ ಸರ್."

ತೃಪ್ತಿಯಾಯಿತೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡರು. ಆ ವಾರವೇ ತೀರಿಹೋದರು. ವೈನಿಯೂ ಈಗಿಲ್ಲ. ಸನತ್‌ನಗರದ ಆ ಮನೆಯಲ್ಲಿ ಯಾರೋ ಬೇರೆಯವರಿದ್ದಾರೆ.

ನಾನು ಆ ಬೀದಿಗೆ ಹೋಗಿ ಹೊಸಬರಿಗೆ ನನ್ನ ಫೋನ್ ನಂಬರು ಕೊಟ್ಟು ಬಂದಿದ್ದೇನೆ. ವಯಸ್ಸಾದವರು ಯಾರಾದರೂ ಈ ಮನೆ ಹುಡುಕಿಕೊಂಡು ಬಂದರೆ ಹಗಲಾಗಲಿ ರಾತ್ರಿಯಾಗಲಿ ತಿಳಿಸಿ ಎಂದು. ಅವರು ಒಳ್ಳೆಯ ಜನ, ಏಕೆಂದು ಕೇಳಲಿಲ್ಲ. ಸರ್‌ನ ಅಣ್ಣ ಬದುಕಿದ್ದರೆ ಹಣ್ಣು ಹಣ್ಣು ಮುದುಕರಾಗಿರಬೇಕು. ಬರುವುದಿಲ್ಲವೆಂದು ನನಗೂ ಗೊತ್ತು. ಆದರೆ ಅವರನ್ನು ಕಾಗದದ ಮೇಲೆ ಸಾಯಿಸಿದವಳು ನಾನು. ಬಂದು ನಿಂತರೆ ಬದುಕಿಸಬೇಕಾದವಳೂ ನಾನೇ.