ಮೂರು ಭಾಷೆಯ ಮೇಲೆ ಹಾಕಿದ ತಪ್ಪು

ಮೊಮ್ಮಗಳು ಅನ್ವಿಗೆ ಆಗ ಎಂಟು ತಿಂಗಳು. ಅವಳ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಿತ್ತು. ನಾನು ಬೆಚ್ಚಿದೆ. ಅವಳು ಬೆಚ್ಚಲಿಲ್ಲ.

ಚುಚ್ಚುಮದ್ದಿನ ಕಾರ್ಡ್ ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಅದನ್ನು ಕಂಡರು. "ಅಕ್ಕ, ಒಮ್ಮೆ ಕಿವಿ ಟೆಸ್ಟ್ ಮಾಡಿಸಿ. ಬೇಗ ಗೊತ್ತಾದ್ರೆ ಒಳ್ಳೇದು."

"ಎಂತ ಟೆಸ್ಟ್ ಮಾರಾಯ್ತಿ? ನನ್ನ ಮಗ ಮಾತಾಡಿದ್ದೇ ಮೂರು ವರ್ಷಕ್ಕೆ. ಈಗ ಅವನ ಬಾಯಿ ಮುಚ್ಚಿಸುದೇ ಕಷ್ಟ" ಎಂದು ಚಹಾ ಕುಡಿಸಿ ಕಳುಹಿಸಿದೆ. ಮತ್ತೆರಡು ಸಲ ಬಂದು ಹೇಳಿದರು. ಆಮೇಲೆ ಹೇಳುವುದನ್ನು ಬಿಟ್ಟರು.

ವರ್ಷ ತುಂಬಿದರೂ ಮಗು ಒಂದು ಶಬ್ದ ಆಡಲಿಲ್ಲ. ಕಾರಣವನ್ನೂ ನಾನೇ ಹುಡುಕಿದೆ. ನಮ್ಮದು ತುಳು. ಸೊಸೆ ದಮಯಂತಿ ಸುಳ್ಯದವಳು, ಮಗುವಿನೊಡನೆ ತನ್ನ ತವರಿನ ಅರೆಭಾಷೆ. ಟಿವಿಯಲ್ಲಿ ಕನ್ನಡ. ಮೂರೂ ಸೇರಿ ಮಗುವಿಗೆ ಗೊಂದಲವಾಗಿದೆ ಎಂದು ತೀರ್ಮಾನಿಸಿದೆ. ಮಾತು ತಡವಾದರೆ ನಮ್ಮ ಕುಂಬ್ರದಲ್ಲಿ ಯಾರಾದರೂ ಹೇಳುವುದು ಇದನ್ನೇ.

"ಇನ್ನು ಮಗು ಹತ್ರ ತುಳುವೇ ಮಾತಾಡು. ಅರೆಭಾಷೆ ತವರಿಗೆ ಹೋದಾಗ ಆಯ್ತು" ಎಂದೆ.

ಅವಳಿಗೆ ತುಳು ಬರುತ್ತಿತ್ತು, ಮಗುವನ್ನು ಮುದ್ದಿಸುವಷ್ಟು ಬರುತ್ತಿರಲಿಲ್ಲ. ಮೆಲ್ಲಮೆಲ್ಲಗೆ ಮಗುವಿನೆದುರು ಅವಳ ಮಾತೇ ನಿಂತಿತು. ಉಣ್ಣಿಸುವಾಗ, ಮೀಯಿಸುವಾಗ, ಮಲಗಿಸುವಾಗ ಅವಳ ದನಿಯೇ ಇಲ್ಲ. ಹೇಳಿದ್ದು ಕೇಳುವ ಸೊಸೆ ಎಂದು ನಾನು ಹೆಮ್ಮೆಪಟ್ಟೆ.

ಒಂದೂವರೆ ವರ್ಷ ಹೀಗೆ ಹೋಯಿತು. ಕೊನೆಗೆ ಮಗನೇ ಹಟ ಹಿಡಿದು ಮಂಗಳೂರಿಗೆ ಕರೆದೊಯ್ದ. ನಿದ್ದೆಯ ಮದ್ದು ಕೊಟ್ಟು, ಹಣೆಗೆ ವಯರ್ ಅಂಟಿಸಿ, ಕಿವಿ ಎಷ್ಟು ಕೇಳುತ್ತದೆಂದು ನೋಡುವ ಬೆರಾ ಟೆಸ್ಟ್ ಮಾಡಿದರು.

ಎರಡೂ ಕಿವಿ. ಪ್ರೊಫೌಂಡ್ ಲಾಸ್, ಅಂದರೆ ಹೆಚ್ಚುಕಡಿಮೆ ಪೂರ್ತಿ ಕಿವುಡು.

"ಹುಟ್ಟಿನಿಂದಲೇ ಇದೆ ಅಮ್ಮ. ಮನೆಯಲ್ಲಿ ಎಷ್ಟು ಭಾಷೆ ಇದ್ದರೂ ಅದರಿಂದ ಹೀಗಾಗುವುದಿಲ್ಲ. ವರ್ಷದೊಳಗೆ ಬಂದಿದ್ದರೆ..." ಎಂದ ಡಾಕ್ಟರ್ ನನ್ನ ಮುಖ ನೋಡಿ ಮಾತು ಮುಗಿಸಲಿಲ್ಲ.

ಮೂರು ವರ್ಷಕ್ಕೆ ಆಪರೇಷನ್ ಮಾಡಿ ಕಿವಿಯೊಳಗೆ ಕೇಳಿಸುವ ಸಾಧನ ಕೂರಿಸಿದರು, ಕಾಕ್ಲಿಯರ್ ಇಂಪ್ಲಾಂಟ್. ವಾರಕ್ಕೆರಡು ದಿನ ಥೆರಪಿ. ಅಲ್ಲಿಗೆ ಬೆಟ್ಟಂಪಾಡಿಯ ಒಂದು ಹುಡುಗಿ ಬರುತ್ತಾಳೆ. ಅವಳದೂ ಹುಟ್ಟುಕಿವುಡು. ಆರನೇ ತಿಂಗಳಿಗೇ ಹಿಯರಿಂಗ್ ಏಡ್, ವರ್ಷಕ್ಕೆ ಇಂಪ್ಲಾಂಟ್. ಅನ್ವಿಗಿಂತ ಚಿಕ್ಕವಳು. ಮೊದಲ ದಿನವೇ ನನ್ನ ಸೆರಗು ಎಳೆದು ಕೇಳಿದಳು: "ಅಜ್ಜಿ, ಚೀಲದಲ್ಲಿ ಎಂತ ಉಂಟು?"

ಆ ಹೊತ್ತಿಗೆ ನಮ್ಮವಳು ಡೋಲಿನ ಸದ್ದು ಬಂದಾಗ ಕೈ ಎತ್ತುವುದನ್ನು ಕಲಿಯುತ್ತಿದ್ದಳು.

ಥೆರಪಿಸ್ಟ್ ದಮಯಂತಿಗೆ ಹೇಳಿದರು: "ನಿಮ್ಮ ಮನೆಮಾತು ಯಾವುದೋ ಅದರಲ್ಲೇ ಮಾತಾಡಿ. ದಿನವಿಡೀ ಮಾತಾಡಿ." ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಬಸ್ಸಿನಲ್ಲಿ ಧೈರ್ಯ ಮಾಡಿದೆ. "ತಪ್ಪಾಯ್ತು ಮಗಾ. ಆದ್ರೂ ಆಗ ನೀನು ಮಾತಾಡಿದ್ರೂ ಅವಳಿಗೆ ಕೇಳ್ತಿರ್ಲಿಲ್ಲ ಅಲ್ವಾ?"

"ಅವಳಿಗೆ ಕೇಳ್ತಿರ್ಲಿಲ್ಲ ಅತ್ತೆ. ನಂಗೆ ಮಾತಾಡ್ಲಿಕ್ಕಿತ್ತು."

ಕುಂಬ್ರದವರೆಗೆ ಅವಳು ಅನ್ವಿಯೊಡನೆ ಮಾತ್ರ ಮಾತಾಡಿದಳು, ಅರೆಭಾಷೆಯಲ್ಲಿ.

ಕಳೆದ ತಿಂಗಳು ಅನ್ವಿ ತಾಯಿಯನ್ನು ನೋಡಿ "ಅವ್ವ" ಎಂದಳು. ಮುಂದೆ ಎಷ್ಟು ಮಾತು ಬರುತ್ತದೆಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ಮನೆಯಲ್ಲೀಗ ಬೆಳಗಿನಿಂದ ಅರೆಭಾಷೆ. ಈ ವಯಸ್ಸಿನಲ್ಲಿ ನಾನೂ ಅದನ್ನು ಆಡಲು ಕಲಿಯುತ್ತಿದ್ದೇನೆ. ತಪ್ಪಿದರೆ ದಮಯಂತಿ ತಿದ್ದುತ್ತಾಳೆ.

ಅಷ್ಟಾದರೂ ನನ್ನೊಡನೆ ಮಾತಾಡುತ್ತಾಳೆ.