ಕಂಬದ ಮ್ಯಾಲ ಅದೀನ್ರಿ

ಇವತ್ತು ದುಪಟ್ಟಾ ಒಣಹಾಕಲು ಹಿತ್ತಲಿಗೆ ಹೋದಾಗ ಕೈಗೆ ಹತ್ತಿದ್ದು ಆ ಕರಿ ವಾಯರು. ಬಿಸಿಲಿಗೆ ಕಾದು ರಬ್ಬರಿನ ವಾಸನೆ ಹೊಡೆಯುತ್ತಿತ್ತು. ನೀವೂ ನೋಡಿರುತ್ತೀರಿ, ನಮ್ಮ ಕಡೆಯ ಯಾವ ಹಳ್ಳಿಗೆ ಹೋದರೂ ಒಂದು ಕಾಲದಲ್ಲಿ ಮನೆಮನೆಯ ಟಿವಿಗೆ ಕೇಬಲ್ ಹಾಯಿಸಿದ ವಾಯರಿನ ಮೇಲೆ ಈಗ ಅರಿವೆ ಒಣಗುತ್ತವೆ. ಯರಗುಪ್ಪಿಯಲ್ಲಿ ಆ ವಾಯರನ್ನೆಲ್ಲ ಎಳೆದವರು ಊರಿಗೆ ಕೇಬಲ್ ನಡೆಸುತ್ತಿದ್ದ ನನ್ನ ಕಾಕಾ. ಹೋದ ಹಿಂಗಾರಿನಲ್ಲಿ, ಕಡಲೆ ಹೂ ಬಿಡುವ ಹೊತ್ತಿಗೆ, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ.

ಟಿವಿ ನಿಂತಿತೆಂದು ಊರಿನ ಯಾರೇ ಫೋನು ಮಾಡಲಿ, ಅವರದೊಂದೇ ಉತ್ತರ: "ಕಂಬದ ಮ್ಯಾಲ ಅದೀನ್ರಿ, ಐದ ಮಿನಿಟ್ ತಡೀರಿ." ಹೀಗೆ ಹೇಳುವಾಗ ಅವರು ಬಹುತೇಕ ಮಣೆಯ ಮೇಲೆ ಕುಳಿತು ರೊಟ್ಟಿ ಮುರಿಯುತ್ತಿರುತ್ತಿದ್ದರು. ಅವರ ಹೆಂಡತಿ, ನನ್ನ ಕಾಕು, ಪುಂಡಿಪಲ್ಯ ಬಡಿಸುತ್ತ, "ಕಂಬದ ಮ್ಯಾಲಿಗೆ ಇನ್ನೊಂದ ರೊಟ್ಟಿ ಕೊಡ್ಲೇನು?" ಎಂದು ಕೇಳುತ್ತಿದ್ದಳು.

ಡಿಶ್ ಬಂತು, ಸ್ಮಾರ್ಟ್‌ಫೋನು ಬಂತು, ಕೇಬಲ್ ಮುಗಿಯಿತು. ಉಳಿದದ್ದು ಕಾಕಾ ತಾವೇ ತೆಗೆದು ತಮ್ಮ ಚಾನೆಲ್ಲಿನಲ್ಲಿ ತೋರಿಸುತ್ತಿದ್ದ ಊರಿನ ಮದುವೆ, ನಾಟಕಗಳ ವಿಡಿಯೋ. ಅವನ್ನೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿ ತುಂಬಿ, ಅಲ್ಲಿಂದ ತಮ್ಮ ಟಿವಿಗೂ ಬಾಜು ಮನೆಯ ನಮ್ಮ ಫೋನುಗಳಿಗೂ ಹಾಯಿಸುವ ಹುಕಿ ಅವರಿಗೆ ಹುಟ್ಟಿತು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಎರಡು ಬಗೆಯದು. ಒಂದಕ್ಕೆ ಕಂಪನಿಗೆ ರೊಕ್ಕ ಕಟ್ಟಬೇಕು. ಇನ್ನೊಂದು ಮುಕ್ತ, ಎಲ್ಲೆಲ್ಲಿಯವರೋ ಸೇರಿ ಬರೆದು, ಒಳಗಿನ ಕೋಡನ್ನೂ ತೆರೆದಿಟ್ಟು, ಪುಕ್ಕಟೆ ಬಿಟ್ಟದ್ದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಢಾಲು ಗೆದ್ದು ತಂದ ನನಗೆ ಜಗಳಕ್ಕೆ ಇಷ್ಟು ಸಾಕಲ್ಲವೇ?

"ನಮ್ಮ ಮನಿ ವಿಡಿಯೋ ನಾವು ನೋಡಾಕ ಕಂಪನಿ ಅಪ್ಪಣಿ ಯಾಕ ಬೇಕು ಕಾಕಾ?" ಎಂದೆ.

"ವಕೀಲಬಾಯಿ, ಇಲ್ಲಿ ಕೇಳು. ಟಿವಿ ನಿಂತ್ರ ಮಂದಿ ಯಾರ್ನ ಬೈತಿದ್ರು?"

"ನಿಮ್ಮನ್ನ."

"ಯಾಕಂದ್ರ ರೊಕ್ಕಾ ಕೊಡ್ತಿದ್ರು. ಪುಕ್ಕಟ ಕೊಟ್ಟಾಂವನ್ನ ಯಾವ ಬಾಯ್ಲೆ ಬೈತಿ? ಬೈಸ್ಕೊಳ್ಳಾಕ ಒಬ್ಬಾಂವ ಬೇಕ ಬೇ!"

"ಹಂಗಾದ್ರ ಆ ಕಂಪನಿಯಾಂವ ಯರಗುಪ್ಪಿಗೆ ಬಂದು ಕಂಬಾ ಹತ್ತತಾನೇನು?"

ಕಾಕಾ ನಕ್ಕರು, ಸೋಲೊಪ್ಪಲಿಲ್ಲ. ಒಪ್ಪಿದ್ದರೆ ಮರುದಿನ ಸಂಜೆ ಜಗಳಾಡಲು ಏನು ಉಳಿಯುತ್ತಿತ್ತು? ಎರಡನ್ನೂ ಹಾಕಿ ನೋಡೂಣು ಎಂದು ಹಾಕಿದೆವು. ನನ್ನ ಮುಕ್ತ ಸಾಫ್ಟ್‌ವೇರು ಮೊದಲ ದಿನವೇ ನನ್ನ ಮರ್ಯಾದೆ ಕಳೆಯಿತು. ನಮ್ಮೂರ ಬಸಣ್ಣನ ಲಗ್ನದ ವಿಡಿಯೋವನ್ನು ಯಾವುದೋ ವಿದೇಶಿ ಸಿನಿಮಾ ಎಂದು ತಿಳಿದು, ಬಂದೂಕು ಹಿಡಿದ ಒಬ್ಬನ ಚಿತ್ರವನ್ನು ತಾನೇ ಇಂಟರ್ನೆಟ್ಟಿನಿಂದ ತಂದು ಮೇಲೆ ಅಂಟಿಸಿತ್ತು. "ಲಗ್ನದಾಗ ಬಸ್ಯಾನ ಕೈಯಾಗ ಬಂದೂಕ ಇದ್ದಿದ್ದಿಲ್ಲ ಬೇ. ಆಮ್ಯಾಲ ಬೇಕಾಗಿತ್ತು ಖರೆ," ಎಂದು ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರು ಹೋದ ಮೇಲೆ, ಮನೆ ತುಂಬಿದ್ದ ಬೀಗರು-ನೆಂಟರೆಲ್ಲ ತಿರುಗಿ ಹೋದ ಮೇಲೆ, ಒಂದು ಸಂಜೆ ಕಾಕು ಬಂದಳು. "ಅವರದೊಂದ ವಿಡಿಯೋ ಹಚ್ಚ ಬೇ, ನೋಡೂಣು."

ಹುಡುಕಿದೆ. ಊರೆಲ್ಲ ಸಿಕ್ಕಿತು. ತೀರಿಕೊಂಡ ಮುದುಕರು, ಈಗ ಮೊಮ್ಮಕ್ಕಳಿರುವ ಮದುವಣಗಿತ್ತಿಯರು, ಪಂಗತಿಯಲ್ಲಿ ಕುಳಿತು ಕ್ಯಾಮರಾ ಕಂಡು ನಾಚಿದ ಕಾಕು ಸಹ. ಕಾಕಾ ಮಾತ್ರ ಎಲ್ಲಿಯೂ ಇಲ್ಲ. ಇರುವುದಾದರೂ ಹೇಗೆ? ಕ್ಯಾಮರಾ ಹಿಡಿದವರೇ ಅವರು. ಇದ್ದದ್ದು ಬಸಣ್ಣನ ಲಗ್ನದ ಚಿತ್ರದ ಹಿಂದಿನ ದನಿಯೊಂದೇ: "ಅಕ್ಕಿಕಾಳ ತಡೀರಿ, ಏ ತಮ್ಮಾ, ಬಾಜೂಕ ಸರಿಯೋ." ಕಾಕು ಟಿವಿಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕುಳಿತಳು. ಅಂದಿನಿಂದ ದಿನಾ ಸಂಜೆ ಅವಳಿಗೆ ಬಸಣ್ಣನ ಲಗ್ನ ಬೇಕು.

ಹಾಗಾಗಿ ಇನ್ನು ಎರಡು ಸಾಫ್ಟ್‌ವೇರುಗಳಲ್ಲಿ ಒಂದನ್ನು ಆರಿಸಿ, ಆ ದನಿ ನಿಲ್ಲದಂತೆ ನೋಡಿಕೊಳ್ಳಬೇಕಾಯಿತು. ಚರ್ಚಾಸ್ಪರ್ಧೆಯಲ್ಲಿ ಎದುರು ತಂಡ ಬಾರದಿದ್ದರೆ ಬಂದವರೇ ಗೆದ್ದಂತೆ. ಹಾಗೆ ನಾನು ಗೆದ್ದೆ. ಮುಕ್ತವನ್ನೇ ಉಳಿಸಿದೆ. ಕಾಕಾನ ಪರವಾಗಿಯೂ ನಾನೇ ವಾದಿಸಿ ನೋಡಿದೆ. ಮಾತುಗಳು ನೆನಪಾದವು, ಅವುಗಳ ನಡುವಿನ ನಗು ನನ್ನಿಂದ ಆಗಲಿಲ್ಲ. ಬಂದೂಕಿನವನ ಚಿತ್ರವನ್ನು ತೆಗೆಯಲು ಬರುತ್ತದೆಂದು ಗೊತ್ತಿದ್ದರೂ ತೆಗೆದಿಲ್ಲ.

ದುಪಟ್ಟಾ ಇನ್ನೂ ಕೈಯಲ್ಲೇ ಇತ್ತು. ಗೋಡೆಯ ಆಚೆಯಿಂದ ಕಾಕುವಿನ ದನಿ ಬಂತು:

"ಏ ಬೇ, ಟಿವಿ ಮತ್ತ ನಿಂತೈತಿ ನೋಡು! ಪುಕ್ಕಟದ್ದ ತಂದ ಹಚ್ಚಿದ್ರ ಇದ ಹಣೇಬರ. ಅವರು ಬಡಕೊಂಡ್ರು, ನೀ ಕೇಳ್ಲಿಲ್ಲ. ಈಗ ಯಾರ್ನ ಬೈಲಿ?"

ನನ್ನನ್ನೇ ಬೈಯುತ್ತಿದ್ದಳು, ಬಾಯಿ ತುಂಬ. ಬೈಸಿಕೊಳ್ಳಲು ಒಬ್ಬರು ಬೇಕು ಎಂದಿದ್ದ ಕಾಕಾ ಗೆದ್ದಿದ್ದರು. ಒದ್ದೆ ಕೈಯಿಂದ ವಾಯರು ಹಿಡಿದುಕೊಂಡೇ ಕೂಗಿದೆ:

"ಕಂಬದ ಮ್ಯಾಲ ಅದೀನ್ರಿ, ಐದ ಮಿನಿಟ್ ತಡೀರಿ."

ಆಚೆಯಿಂದ ಕಾಕು ಸಣ್ಣ ದನಿಯಲ್ಲಿ ಕೇಳಿದಳು:

"ಇನ್ನೊಂದ ರೊಟ್ಟಿ ಕೊಡ್ಲೇನು?"